ಬೆಂಕಿಯ ಬಂಡಿಗೆ ದಾರಿ ಎಲ್ಲಿ?

ಬೆಂಗಳೂರಿನ ಹಳೆಯ ಪೇಟೆಗಳಿಗೆ ಹೊಸ ರೂಪ ಕೊಡಬೇಕೆಂಬ ಮಾತು ಆಗಾಗ ಎದ್ದು ಅಡಗುತ್ತಿರುತ್ತದೆ. ಮಾತು ಎದ್ದಾಗಲೆಲ್ಲ ಲೆಕ್ಕಗಳೂ ಏಳುತ್ತವೆ. ಎಷ್ಟು ಅಂತಸ್ತು ಏರಿಸಬಹುದು, ಎಷ್ಟು ಮಳಿಗೆ ಕೂರಿಸಬಹುದು, ಎಷ್ಟು ಕಾರು ನಿಲ್ಲಿಸಬಹುದು ಎಂಬ ಚರ್ಚೆಗೆ ಕೊನೆಯಿಲ್ಲ. ಇವೆಲ್ಲ ತೀರಿದ ಮೇಲೆ, ಸಮಯ ಉಳಿದರೆ ಕೇಳುವ ಪ್ರಶ್ನೆಯೊಂದಿದೆ: ಈ ಬೀದಿಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ದಳದ ಬಂಡಿ ಎಲ್ಲಿಯವರೆಗೆ ಬಂದೀತು? ಕೊನೆಯ ಈ ಪ್ರಶ್ನೆ ಮೊದಲನೆಯದಾಗಬೇಕೆಂಬುದು ನನ್ನ ವಾದ.

ನಾನು ಎಂಜಿನಿಯರನಲ್ಲ. ಆದರೆ ಹಬ್ಬದ ಮುಂಚೆ ಚಿಕ್ಕಪೇಟೆಗೆ ಸೀರೆ ಕೊಳ್ಳಲು ಹೋದ ಯಾವ ಗೃಹಸ್ಥನೂ ಇದಕ್ಕೆ ಉತ್ತರ ಹೇಳಬಲ್ಲ. ಮೂಟೆ ಹೊತ್ತವನಿಗೆ ಅಲ್ಲಿ ದಾರಿಯಿಲ್ಲ, ಬಂಡಿಯ ಮಾತೇಕೆ? 2025ರ ಆಗಸ್ಟ್ 16ರಂದು ಪಕ್ಕದ ನಗರ್ತಪೇಟೆಯಲ್ಲಿ ಕಟ್ಟಡವೊಂದಕ್ಕೆ ಬೆಂಕಿ ಹೊತ್ತಿ ಐದು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಕೆಳಗೆ ಸರಕು, ಮೇಲೆ ಸಂಸಾರ. ಇದು ಪೇಟೆಯ ಹಳೆಯ ಪದ್ಧತಿ. ಸರಕು ಹತ್ತಿಯೋ ಧಾನ್ಯವೋ ಆಗಿದ್ದ ಕಾಲ ಬೇರೆ. ಈಗ ಅದು ಪ್ಲಾಸ್ಟಿಕ್. ಅದರ ಹೊಗೆ ಒಂದೇ ಮೆಟ್ಟಿಲಿನಲ್ಲಿ ಮೇಲೇರುತ್ತದೆ; ಕೆಳಗಿಳಿಯಬೇಕಾದವರಿಗೂ ಅದೇ ಮೆಟ್ಟಿಲು.

ಈ ಊರಿಗೆ ಇಂಥ ಪಾಠ ಹೊಸದಲ್ಲ. 1898ರಲ್ಲಿ ಪ್ಲೇಗು ಪೇಟೆಯ ಇಕ್ಕಟ್ಟಿಗೆ ನುಗ್ಗಿದಾಗ ಹಿರಿಯರು ಎಚ್ಚೆತ್ತರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದಿಂದ. ಅಗಲವಾದ ನೇರ ಬೀದಿಗಳನ್ನೂ, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲು ಕನ್ಸರ್ವೆನ್ಸಿ ಗಲ್ಲಿಗಳನ್ನೂ ಅವರು ಮೊದಲು ಎಳೆದರು. ಮನೆಗಳು ಆಮೇಲೆ ಬಂದವು. ಅಪಾಯವನ್ನು ಮುಂದಿಟ್ಟುಕೊಂಡು ಊರು ಕಟ್ಟುವುದೆಂದರೆ ಇದು. ಅದೇ ಗಲ್ಲಿಗಳಲ್ಲಿ ಎಷ್ಟೋ ಇಂದು ಒತ್ತುವರಿಯಾಗಿವೆ, ಕಸದ ಗುಂಡಿಗಳಾಗಿವೆ.

ನಿಯಮವಿಲ್ಲವೆಂದು ಯಾರೂ ಹೇಳಲಾರರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಎತ್ತರದ ಕಟ್ಟಡದ ಮುಂದಿನ ರಸ್ತೆ 12 ಮೀಟರಿಗೆ ಕಡಿಮೆಯಿರಬಾರದೆನ್ನುತ್ತದೆ. ಸುತ್ತಲೂ 6 ಮೀಟರು ತೆರಪು ಬೇಕೆನ್ನುತ್ತದೆ. ಆ ನೆಲ 45 ಟನ್ನಿನ ಬಂಡಿಯನ್ನು ಹೊರಬೇಕೆನ್ನುತ್ತದೆ. 2007ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಮಾಸ್ಟರ್ ಪ್ಲಾನು ಕೂಡ ರಸ್ತೆಯ ಅಗಲ ನೋಡಿಯೇ ಎಷ್ಟು ಕಟ್ಟಬಹುದೆಂದು ನಿರ್ಣಯಿಸಿತು. ಆದರೆ ಯಾವ ಅಗಲ? ಕಾಗದದ ಮೇಲಿನ ಅಗಲ. ಟ್ರಾನ್ಸ್‌ಫಾರ್ಮರು, ನಿಂತ ಕಾರುಗಳು, ಜೋತುಬಿದ್ದ ತಂತಿಗಳು ಅದಕ್ಕೆ ಕಾಣುವುದಿಲ್ಲ. ಅಂತಸ್ತು ಸಿಗುವುದು ಕಾಗದದ ರಸ್ತೆಗೆ. ಬಂಡಿ ಬರಬೇಕಾದದ್ದು ನೆಲದ ರಸ್ತೆಯಲ್ಲಿ.

ಹಾಗಾದರೆ ಪೇಟೆಯನ್ನೆಲ್ಲ ಒಡೆದು ರಸ್ತೆ ಅಗಲ ಮಾಡೋಣ ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ ಕಾರ್ಲ್‌ಟನ್ ಟವರ್ಸ್. ಅದಿದ್ದದ್ದು ಓಣಿಯಲ್ಲಲ್ಲ, ಹಳೆಯ ವಿಮಾನ ನಿಲ್ದಾಣದ ಹೆದ್ದಾರಿಯ ಮೇಲೆ. 2010ರ ಫೆಬ್ರವರಿ 23ರಂದು ಅಲ್ಲಿ ಒಂಬತ್ತು ಜನ ಸತ್ತರು. ಹೊಗೆ ತುಂಬಿದ ಕಟ್ಟಡದಿಂದ ಇಳಿಯಲು ದಾರಿ ಕಾಣದೆ ಕಿಟಕಿಯಿಂದ ಧುಮುಕಿದವರೂ ಅವರಲ್ಲಿದ್ದರು. ಹೊರಗಿನ ರಸ್ತೆ ಅಗಲವಿದ್ದು ಒಳಗಿನ ದಾರಿ ಮುಚ್ಚಿದ್ದರೆ ಫಲವೇನು? ಬಂಡಿ ಬರುವ ದಾರಿ, ಜನ ಇಳಿಯುವ ದಾರಿ, ಎರಡೂ ಒಂದೇ ಯೋಜನೆಯ ಭಾಗ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡುವುದು ಅರ್ಧ ಸೇತುವೆ ಕಟ್ಟಿದಂತೆ. ಮೇಲಾಗಿ, ರಸ್ತೆ ಅಗಲಿಸುವ ನೆಪದಲ್ಲಿ ಸಣ್ಣ ವ್ಯಾಪಾರಿಯನ್ನು ಎಬ್ಬಿಸಿ, ಅದೇ ಜಾಗದಲ್ಲಿ ಹತ್ತು ಅಂತಸ್ತು ಏರಿಸಿದರೆ ಅಪಾಯ ಕಡಿಮೆಯಾಗುವುದಿಲ್ಲ. ಮೇಲಕ್ಕೆ ಹೋಗುತ್ತದೆ, ಅಷ್ಟೆ.

ಇನ್ನು ಕೆಲವರು, "ನಾನೂರು ವರ್ಷದಿಂದ ಪೇಟೆ ಹೀಗೇ ಇದೆ, ಹೀಗೇ ಇರಲಿ" ಎನ್ನುತ್ತಾರೆ. ಹೀಗೇ ಎಲ್ಲಿದೆ, ಸ್ವಾಮಿ? ಹೆಂಚಿನ ಮನೆಯಿದ್ದ ಕಡೆ ನಾಲ್ಕು ಅಂತಸ್ತಿನ ಗೋದಾಮು ಎದ್ದಿದೆ. ಓಣಿಯೊಂದೇ ಹಳೆಯದು, ಹೊರೆಯೆಲ್ಲ ಹೊಸದು. ಪರಂಪರೆಯ ಹೆಸರಿನಲ್ಲಿ ಕಾಯುತ್ತಿರುವುದು ಓಣಿಯನ್ನೋ, ಗೋದಾಮಿನ ಬಾಡಿಗೆಯನ್ನೋ?

ನಾನು ಬೇಡುವುದು ದೊಡ್ಡದೇನಲ್ಲ. ಯಾವ ಬೀದಿಗೆ ಹೊಸ ಯೋಜನೆ ಬರೆಯುವ ಮೊದಲೂ ಅಗ್ನಿಶಾಮಕ ದಳದವರು ಸಂತೆ ಕೂಡಿದ ಹೊತ್ತಿನಲ್ಲಿ, ಭಾನುವಾರದ ಬೆಳಗಿನಲ್ಲಲ್ಲ, ಆ ಬೀದಿಗೆ ಬಂಡಿ ತಂದು ನೋಡಲಿ. ಅದು ಎಲ್ಲಿ ನಿಂತಿತೋ ಅಲ್ಲಿ ನಕ್ಷೆಯ ಮೇಲೆ ಗುರುತು ಹಾಕಲಿ. ಗುರುತಿನಿಂದ ಆಚೆಗೆ ಹೈಡ್ರೆಂಟ್ ಎಂಬ ಬೆಂಕಿ ನಲ್ಲಿಗಳನ್ನು ಕೂರಿಸಿ, ಅವುಗಳಲ್ಲಿ ಸದಾ ಒತ್ತಡದ ನೀರಿರುವಂತೆ ಮಾಡಲಿ. ಅಲ್ಲಿ ವಾಸದ ಮನೆಯ ಕೆಳಗೆ ಬೇಗ ಹೊತ್ತುವ ಸರಕಿಗೆ ಪರವಾನಗಿ ಬೇಡ. ಎರಡನೆಯ ಮೆಟ್ಟಿಲಿಲ್ಲದೆ ಇನ್ನೊಂದು ಅಂತಸ್ತಿಗೂ ಬೇಡ. ಅಗ್ನಿಶಾಮಕ ಅಧಿಕಾರಿಯ ರುಜು ನಿರಾಕ್ಷೇಪಣಾ ಪತ್ರದಲ್ಲಷ್ಟೇ ಇದ್ದರೆ ಸಾಲದು. ನಕ್ಷೆಯ ಮೊದಲ ಹಾಳೆಯಲ್ಲಿರಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮದೇ. ಪ್ರತಿ ಬೆಂಕಿಯ ಮರುದಿನ ಪರಿಹಾರದ ಮೊತ್ತ ಸಾರಲಾಗುತ್ತದೆ, ವಿಚಾರಣೆಗೆ ಆಜ್ಞೆಯಾಗುತ್ತದೆ. ಆ ಹಣದಲ್ಲಿ ಒಂದಂಶ ಸಾಕು, ಪೇಟೆಯ ಬೀದಿಗಳನ್ನೆಲ್ಲ ಅಳೆದು ಮುಗಿಸಲು. ಅಳೆದ ನಕ್ಷೆಯನ್ನು ಆಯಾ ಬೀದಿಯ ತುದಿಯಲ್ಲೇ ತೂಗುಹಾಕಲಿ. ಬಾಡಿಗೆಗೆ ಮನೆ ಹುಡುಕುವವನು ಅದನ್ನು ಓದಿ, ಬಂಡಿ ತನ್ನ ಬಾಗಿಲಿಗೆ ಬರುವುದೋ ಇಲ್ಲವೋ ತಿಳಿದುಕೊಂಡು ಮುಂಗಡ ಕೊಡಲಿ.