ಒಂದೂವರೆ ಟನ್ ಐಸು

ಆಗಸ್ಟಲ್ಲಿ ಅಮ್ಮನ್ನ ದುಬೈಗೆ ಕರೆಸ್ಬೇಡ ಅಂತ ಎಲ್ರೂ ಹೇಳಿದ್ರು. ಕೇಳ್ಲಿಲ್ಲ. ಬಂದ ವಾರದಲ್ಲೇ ಸ್ಕೀ ದುಬೈ ತೋರಿಸಿದ್ದೂ ಆಯ್ತು. 2005ರಲ್ಲಿ ಮಾಲ್ ಆಫ್ ದಿ ಎಮಿರೇಟ್ಸಿನಲ್ಲಿ ಶುರುವಾದ ಹಿಮದ ಗುಡ್ಡ ಅದು. ಅಮ್ಮ ಒಂದು ಹಿಡಿ ಹಿಮ ಹಿಡ್ಕೊಂಡು, "ನಮ್ಮ ಹಳೇ ಫ್ರಿಜ್ಜು ಕೆರೆದ್ರೆ ಇದೇ ಬರೋದಲ್ವನಾ, ಇದಕ್ಕೆ ದುಡ್ಡು ಕೊಟ್ಯಾ ಮಾರಾಯ?" ಅಂದ್ಲು.

ಆ ಶುಕ್ರವಾರ ರಾತ್ರಿ ಮನೆಯ ಏಸಿ ನಿಂತುಹೋಯ್ತು. ಮೆಕ್ಯಾನಿಕ್ ಬರೋದು ಬೆಳಿಗ್ಗೆಯೇ ಅಂದ್ರು. ಹತ್ತು ಗಂಟೆಗೆ ಕೋಣೆಯೊಳಗೆ 36 ಡಿಗ್ರಿ. ಹೋಟೆಲಿಗೆ ಹೋಗೋಣ ಅಂದ್ರೆ ಅಮ್ಮ ಸುತರಾಂ ಒಪ್ಪಲಿಲ್ಲ. ಬಿಪಿ ಇರೋ ಜೀವ, "ತಲೆ ಒಂಥರಾ ಆಗ್ತಿದೆ" ಅಂದಾಗ ಮಾತ್ರ ನನ್ನ ಎದೆ ಧಸಕ್ಕಂತು.

ಕೆಳಗಿನ ಗ್ರೋಸರಿಯ ಮಲಯಾಳಿ ಹುಡುಗ ಎರಡೆರಡು ಕಿಲೋದ ನಾಲ್ಕು ಚೀಲ ಐಸು ತಂದುಕೊಟ್ಟ. ಬಕೆಟ್ಟಿಗೆ ಸುರಿದು, ಎದುರಿಗೆ ಟೇಬಲ್ ಫ್ಯಾನಿಟ್ಟೆ. ಇಂಜಿನಿಯರ್ ಅಲ್ವೇ, ಕೂತು ಲೆಕ್ಕಾನೂ ಹಾಕ್ದೆ.

ಏಸಿಯ 'ಟನ್' ಅನ್ನೋದು ಅದರ ತೂಕ ಅಲ್ಲ, ಐಸಿನ ಲೆಕ್ಕ. ಒಂದು ಟನ್ (ಅಮೆರಿಕದ ಟನ್ನು, 907 ಕಿಲೋ) ಐಸು 24 ಗಂಟೆಯಲ್ಲಿ ಕರಗೋವಾಗ ಎಷ್ಟು ಶಾಖ ಹೀರತ್ತೋ ಅಷ್ಟು. ಐಸು ಮಾರಿ ತಂಪು ಮಾಡ್ತಿದ್ದ ಕಾಲದ ಪಳೆಯುಳಿಕೆ. ನಮ್ಮನೇದು ಒಂದೂವರೆ ಟನ್ನಿಂದು, ಅಂದ್ರೆ ಗಂಟೆಗೆ ಸುಮಾರು 57 ಕಿಲೋ ಐಸು! ನಾನು ತಂದ ಎಂಟು ಕಿಲೋ, ಏಸಿಯ ಎಂಟೂವರೆ ನಿಮಿಷಕ್ಕೆ ಸಮ. ಸಾಲದ್ದಕ್ಕೆ ಬಕೆಟ್ಟಿನ ಹೊರಮೈ ಬೆವರ್ತಾ ಇತ್ತು. ಗಾಳಿಯಲ್ಲಿರೋ ಕಡಲಿನ ಆವಿ ಅಲ್ಲಿ ನೀರಾಗೋವಾಗ ತನ್ನ ಶಾಖಾನ ಬಕೆಟ್ಟಿಗೇ ಕೊಡತ್ತೆ. ನನ್ನ ಐಸಿನ ಒಂದು ಪಾಲು ಆ ದಂಡಕ್ಕೇ ಹೋಗ್ತಿತ್ತು.

ಲೆಕ್ಕ ಕೇಳಿದ ಅಮ್ಮ, "ಕೋಣೆಗೆ ಎಂತಕ್ಕೆ ತಂಪು, ನಂಗೆ ಸಾಕು" ಅಂತ ಎದ್ದಳು. ಫ್ಯಾನು ತನ್ನ ಕಡೆ ತಿರುಗಿಸಿ, ಬಕೆಟ್ಟಿಗೆ ನಾಲ್ಕು ಚೊಂಬು ನೀರು ಹಾಕಿಸಿದಳು. ಆಫ್ ಮಾಡಿಟ್ಟ ಗೀಸರಿನ ನೀರು. ಇಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ಸುಡತ್ತೆ, ಗೀಸರಿನ ನೀರೇ ವಾಸಿ! ಟವೆಲ್ ಅದ್ದಿ ಹಿಂಡಿ ಕತ್ತಿಗೆ, ಹಣೆಗೆ ಹಾಕ್ಕೊಂಡಳು.

ನಾನು ಮೊಸರಿಗೆ ಹೆಪ್ಪು ಹಾಕೋಕೆ ತಗೊಂಡಿದ್ದ ಥರ್ಮಾಮೀಟರನ್ನ ಬಕೆಟ್ಟಲ್ಲಿ ಇಳಿಬಿಟ್ಟೆ. ಆಗಾಗ ಕಲಕಿ ನೋಡಿದ್ರೆ ಸೊನ್ನೆ. ಹನ್ನೊಂದಕ್ಕೂ ಸೊನ್ನೆ, ಒಂದಕ್ಕೂ ಸೊನ್ನೆ. ಒಳಗೆ ಶಾಖ ಬರ್ತಾನೇ ಇದೆ, ಡಿಗ್ರಿ ಮಾತ್ರ ಏರೋದಿಲ್ಲ. ಪಿಯುಸಿಯಲ್ಲಿ ಉರುಹೊಡೆದ ಗುಪ್ತೋಷ್ಣ ಇದೇ. 1760ರ ದಶಕದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಅಳೆದದ್ದು. ಐಸಲ್ಲಿ ಒಂದೊಂದು ಅಣುವೂ ನಾಲ್ಕು ನೆರೆಯವರ ಕೈ ಹಿಡ್ಕೊಂಡು, ನಡುವೆ ಜಾಗ ಬಿಟ್ಟು ನಿಂತಿರತ್ತೆ. ಆ ಚೌಕಟ್ಟು ಮುರಿಯೋಕೇ ಶಾಖವೆಲ್ಲ ಖರ್ಚು. ಒಂದು ಕಿಲೋ ಐಸು ಬರೀ ಕರಗೋಕೆ ಬೇಕಾದ ಶಾಖದಲ್ಲಿ ಅಷ್ಟೇ ನೀರನ್ನ ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಮುರಿದ ಮೇಲೆ ಅಣುಗಳು ಆ ಖಾಲಿ ಜಾಗಕ್ಕೆ ನುಗ್ಗತ್ವೆ. ಹಾಗಾಗಿ ನೂರು ಲೋಟ ಐಸು ಕರಗಿದ್ರೆ ಸಿಗೋದು ಸುಮಾರು 92 ಲೋಟ ನೀರು.

ಅಮ್ಮ ಎರಡು ಸಲ "ನೀ ಮಲಕ್ಕೋ" ಅಂದಳು. ನಾನು ಟವೆಲ್ ಬದಲಾಯಿಸ್ತಾ ಕೂತಿದ್ದೆ. ಮೂರು ಗಂಟೆ ಹೊತ್ತಿಗೆ ಕಡೇ ಚೂರು ಬೆರಳಿಗೆ ಸಿಗದೆ ಜಾರಿಹೋಯ್ತು. ಅರ್ಧ ಗಂಟೆಯಲ್ಲಿ ಥರ್ಮಾಮೀಟರು 5 ತೋರಿಸ್ತು. ಇನ್ನೊಂದು ಟವೆಲ್ ಅದ್ದಿಕೊಂಡು ತಿರುಗಿ ನೋಡಿದೆ. ಅಮ್ಮ ಗೊರಕೆ ಹೊಡೀತಿದ್ಲು.