ಜೇಡದ ಪೊರೆಯ ಮುಂದೆ

ನಮ್ಮ ಮನೆಯಲ್ಲಿ ಒಂದು ಜೇಡವಿದೆ ಎಂದರೆ ಯಾರೂ ಬೆರಗಾಗುವುದಿಲ್ಲ. ಜೇಡವಿಲ್ಲದ ಮನೆ ಯಾವುದು? ಆದರೆ ಅದಕ್ಕೆ ಗಾಜಿನ ಪೆಟ್ಟಿಗೆಯಿದೆ, ನೀರಿನ ಬಟ್ಟಲಿದೆ, ವಾರಕ್ಕೆ ಇಷ್ಟು ಚಿಮ್ಮಂಡೆ ಎಂಬ ಲೆಕ್ಕವಿದೆ ಎಂದೊಡನೆ ನಮ್ಮ ಬಳಗದ ಗೆಳತಿಯರು ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ಪ್ರಾಣಿಶಾಸ್ತ್ರ ಓದಲೆಂದು ಧಾರವಾಡದಿಂದ ಪುಣೆಗೆ ಬಂದು ನಮ್ಮಲ್ಲಿ ಉಳಿದಿರುವ ಅಕ್ಕನ ಮಗ, ಪುಸ್ತಕಗಳ ಜೊತೆಗೆ ಈ ಪೆಟ್ಟಿಗೆಯನ್ನೂ ತಂದ. ಒಳಗಿದ್ದದ್ದು ಮೆಕ್ಸಿಕೋ ಮೂಲದ, ಕೆಂಪು ಮೊಣಕಾಲಿನ ಟ್ಯಾರಂಟುಲಾ. ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಬದುಕಿದ ನಾನು ಮೊದಲು ಕೇಳಿದ್ದು ಕಾಗದಪತ್ರವನ್ನೇ. ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆಯೊಂದಿಗೆ ಬಂದಿದೆ. ಹುಡುಗ ನೋಂದಣಿಯ ಪ್ರತಿಯನ್ನು ಮುಂದಿಟ್ಟ. ನನ್ನ ಬಾಯಿ ಕಟ್ಟಿತು.

ಕಳೆದ ಚಳಿಗಾಲದಲ್ಲಿ ಆ ಜೇಡ ತಿನ್ನುವುದನ್ನು ಬಿಟ್ಟಿತು. ಹೊಟ್ಟೆಯ ಮೇಲಿನ ಕೂದಲಿಲ್ಲದ ಜಾಗ ಕಪ್ಪಾಯಿತು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ, ತಾನೇ ನೇಯ್ದ ರೇಷ್ಮೆಯ ಹಾಸಿನ ಮೇಲೆ ಅಂಗಾತ ಬಿದ್ದಿತ್ತು. ನಮ್ಮ ತಾಯಿ ತೀರ್ಪು ಕೊಟ್ಟರು: “ಸತ್ತದ ಅದು, ಹೊರಗ ಒಗಿ.” ನಾನು ಪೆಟ್ಟಿಗೆಗೆ ಕೈ ಹಾಕುವುದರಲ್ಲಿದ್ದೆ. ಹುಡುಗ ಓಡಿ ಬಂದು ತಡೆದ: “ಮುಟ್ಟಬ್ಯಾಡ್ರಿ ಚಿಕ್ಕಮ್ಮ, ಸತ್ತಿಲ್ಲ. ಸತ್ತಿದ್ರ ಕಾಲು ಹೊಟ್ಟಿ ಕೆಳಗ ಮುದುಡಿಕೊಂಡಿರ್ತಿದ್ವು. ಇದು ಪೊರಿ ಬಿಡಾಕತ್ತದ.”

ಆ ದಿನ ನಾನು ರಜೆ ಹಾಕಿ ಕುಳಿತು ನೋಡಿದೆ. ಜೇಡಕ್ಕೆ ಒಳಗೆ ಎಲುಬಿಲ್ಲ. ಹೊರಗಿನ ಕವಚವೇ ಅದರ ಅಸ್ಥಿಪಂಜರ. ಕವಚ ಹಿಗ್ಗುವುದಿಲ್ಲವಾದ್ದರಿಂದ ಬೆಳೆಯಬೇಕಾದರೆ ಅದನ್ನು ಕಳಚಲೇಬೇಕು. ಹಳೆಯದರ ಅಡಿಯಲ್ಲಿ ಹೊಸದು ಮೊದಲೇ ಸಿದ್ಧವಾಗಿರುತ್ತದೆ. ದೇಹದ್ರವದ ಒತ್ತಡದಿಂದ ಬೆನ್ನಿನ ಮುಂಭಾಗದ ಚಿಪ್ಪು ಡಬ್ಬಿಯ ಮುಚ್ಚಳದಂತೆ ಎದ್ದಿತು. ಆಮೇಲೆ ಕೈಗವಸಿನಿಂದ ಬೆರಳುಗಳನ್ನು ಹಿರಿದಂತೆ ಎಂಟು ಕಾಲುಗಳೂ ಒಂದೊಂದು ಅಂಗುಲವಾಗಿ ಹೊರಬಂದವು. ಈ ಕೆಲಸ ಕೆಲವೊಮ್ಮೆ ಗಂಟೆಯೊಳಗೆ ಮುಗಿಯುತ್ತದೆ, ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ನಡುವೆ ಯಾರಾದರೂ ‘ಸಹಾಯ’ ಮಾಡಲು ಹೋಗಿ ಎಳೆದರೆ ಕಾಲು ಕಿತ್ತುಬರಬಹುದು, ಜೀವವೇ ಹೋಗಬಹುದು. ಹೊರಬಂದ ಜೇಡದ ವಿಷದ ಹಲ್ಲುಗಳೂ ಮೊದಲಿಗೆ ಬೆಳ್ಳಗೆ, ಮೆತ್ತಗೆ. ಅವು ಕಪ್ಪಾಗಿ ಗಟ್ಟಿಯಾಗುವವರೆಗೆ ಆಹಾರ ಹಾಕಬಾರದು. ಆ ದಿನಗಳಲ್ಲಿ ಒಂದು ಚಿಮ್ಮಂಡೆಯೂ ಅದನ್ನು ಗಾಯಗೊಳಿಸಬಲ್ಲದು. ಹೆದರಿಸುವ ಪ್ರಾಣಿಯೆಂದು ನಾವು ತಿಳಿದಿದ್ದುದು ಎಷ್ಟು ಅಸಹಾಯವಾಗಿ ಮಲಗಿತ್ತೆಂದರೆ, ನಮ್ಮ ತಾಯಿ ತಾವಾಗಿಯೇ ದೂರದರ್ಶನದ ಸದ್ದು ತಗ್ಗಿಸಿದರು.

ಮರುದಿನ ಹುಡುಗ ಪೊರೆಯನ್ನು ಇಕ್ಕುಳದಿಂದ ಎತ್ತಿದ. ನೋಡಿದವರಿಗೆ ಅದು ಇನ್ನೊಂದು ಜೇಡವೇ. ಕೂದಲು, ಉಗುರು, ಹಲ್ಲು ಎಲ್ಲವೂ ಇದ್ದವು. ಹೊಟ್ಟೆಯ ಭಾಗ ಮಾತ್ರ ಒದ್ದೆ ಕಾಗದದಂತೆ ಮುದುಡಿತ್ತು. ಅವನಿಗೆ ಬೇಕಾದದ್ದು ಆ ಮುದುಡಿದ ಭಾಗವೇ. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಹಾಕಿ, ಪೊರೆಯನ್ನು ನೆನೆಸಿ, ಮೆತ್ತಗಾದ ಮೇಲೆ ತೆಳುವಾದ ಕುಂಚದಿಂದ ಒಳಮೈ ಮೇಲಾಗುವಂತೆ ಬಿಡಿಸಿ ಹರಡಿದ. ಭೂತಗನ್ನಡಿಯಲ್ಲಿ ನಾಲ್ಕು ಬಿಳಿ ಮಚ್ಚೆಗಳು ಕಂಡವು. ಅವು ಜೇಡದ ಶ್ವಾಸಕೋಶಗಳ ಒಳಪದರ. ಪುಟದ ಮೇಲೆ ಪುಟ ಜೋಡಿಸಿದಂತಿರುವುದರಿಂದ ವಿಜ್ಞಾನ ಅವುಗಳನ್ನು ಪುಸ್ತಕ ಶ್ವಾಸಕೋಶಗಳೆಂದೇ ಕರೆಯುತ್ತದೆ. ಮುಂದಿನ ಎರಡು ಮಚ್ಚೆಗಳ ನಡುವೆ ಒಂದು ಅಡ್ಡಗೆರೆ. ಹೆಣ್ಣಾಗಿದ್ದರೆ ಆ ಗೆರೆಯ ಬಳಿ ಒಂದು ಪುಟ್ಟ ಚೀಲ ಎದ್ದು ನಿಂತಿರುತ್ತದೆ. ಕೆಲವು ಜಾತಿಗಳಲ್ಲಿ ಒಂದು, ಕೆಲವದರಲ್ಲಿ ಜೋಡಿ. ಗಂಡಿನಿಂದ ಪಡೆದ ವೀರ್ಯವನ್ನು ಮೊಟ್ಟೆಯಿಡುವವರೆಗೆ ಕಾಯ್ದಿಡುವ ಕೋಶವದು. ಆ ಕೋಶದ ಒಳಪದರವೂ ಹೊರಕವಚದ ಮುಂದುವರಿಕೆಯೇ ಆದ್ದರಿಂದ ಪೊರೆಯೊಂದಿಗೆ ಅದೂ ಕಳಚಿಬರುತ್ತದೆ. ಹೀಗಾಗಿ ಕೂಡಿದ ಹೆಣ್ಣು ಮೊಟ್ಟೆಯಿಡುವ ಮೊದಲೇ ಪೊರೆ ಬಿಟ್ಟರೆ, ಕೂಡಿಟ್ಟದ್ದೆಲ್ಲ ಹೋಗುತ್ತದೆ. ಅದು ಮತ್ತೆ ಕನ್ಯೆ. ಗಂಡಾಗಿದ್ದರೆ ಆ ಜಾಗದಲ್ಲಿ ಅಂಥ ಚೀಲವಿಲ್ಲ. ತೀರ ಎಳೆಯ ಜೇಡದ ಪೊರೆಯಲ್ಲಿ ಕಣ್ಣು ಮೋಸಹೋಗಬಹುದು. ಇದು ಸಾಕಷ್ಟು ಬೆಳೆದಿತ್ತು.

ಚೀಲವಿರಲಿಲ್ಲ. ಗಂಡು.

ಹುಡುಗನ ಮುಖ ಬಾಡಿತು. ಹೆಣ್ಣೆಂಬ ಆಸೆಯಿಂದ ಅವನು ಅದಕ್ಕೆ ‘ರಾಣಿ’ ಎಂದು ಹೆಸರಿಟ್ಟಿದ್ದ. ಧಾರವಾಡದ ಗೆಳೆಯನಿಗೆ ಫೋನಿನಲ್ಲಿ ಪೊರೆಯನ್ನು ತೋರಿಸಿದಾಗ ಆ ಕಡೆಯಿಂದ ಬಂದ ಮಾತು ಅಡುಗೆಮನೆಗೂ ಕೇಳಿಸಿತು: “ಅಯ್ಯ, ಗಂಡಾ? ಛೇ!” ಮೆಂತ್ಯೆ ಪಲ್ಲೆ ಸೋಸುತ್ತ ಕುಳಿತಿದ್ದ ನಮ್ಮ ತಾಯಿಯ ಕೈ ನಿಂತಿತು. ಅವರು ನನ್ನ ಕಡೆ ನೋಡಿ ನಕ್ಕರು. “ನೀ ಹುಟ್ಟಿದಾಗ ದವಾಖಾನ್ಯಾಗ ಇದ ದನಿ ಕೇಳಿದ್ದೆ. ಅವತ್ತ ‘ಅಯ್ಯ, ಮತ್ತ ಹೆಣ್ಣಾ’ ಅಂದಿದ್ರು.” ಅಷ್ಟೇ ಹೇಳಿ ಮತ್ತೆ ಎಲೆ ಬಿಡಿಸತೊಡಗಿದರು. ನಾನು ಅವರ ಎರಡನೆಯ ಮಗಳು. ನಲವತ್ತಾರು ವರ್ಷಗಳಲ್ಲಿ ಅವರು ಈ ಮಾತನ್ನು ನನಗೆ ಹೇಳಿದ್ದು ಅದೇ ಮೊದಲು.

ಈ ಬರಹಕ್ಕೆ ಕಾರಣ ಆ ಮಾತು. ಹೆಣ್ಣು ಭ್ರೂಣದ ಪತ್ತೆಯನ್ನು ತಡೆಯಲು ನಾನೀಗ ಬದುಕುತ್ತಿರುವ ಮಹಾರಾಷ್ಟ್ರ 1988ರಲ್ಲಿಯೇ ಕಾನೂನು ಮಾಡಿತು. 1994ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ಈ ಊರಿನ ಯಾವ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರೂ ಲಿಂಗಪತ್ತೆ ಅಪರಾಧವೆಂಬ ಫಲಕ ಕಾಣುತ್ತದೆ. ಜೇಡಗಳ ಮಾರುಕಟ್ಟೆಯಲ್ಲಿ ಲಿಂಗಪತ್ತೆಯೇ ಬೆಲೆಯ ಆಧಾರ. ಅಲ್ಲಿ ಹೆಣ್ಣು ದುಬಾರಿ, ಗಂಡು ಅಗ್ಗ. ಕಾರಣ ಸರಳ. ಈ ಜಾತಿಯ ಹೆಣ್ಣು 20 ವರ್ಷಕ್ಕೂ ಮೀರಿ ಬದುಕಬಲ್ಲದು. ಪ್ರಾಯಕ್ಕೆ ಬಂದ ಮೇಲೂ ಪೊರೆ ಬಿಡುತ್ತಲೇ ಇರುತ್ತದೆ. ಗಂಡಿಗೆ ಪ್ರಾಯದ ಪೊರೆಯೇ ಸಾಮಾನ್ಯವಾಗಿ ಕೊನೆಯ ಪೊರೆ. ಅದರ ನಂತರ ಮುಂಗಾಲುಗಳಲ್ಲಿ ಕೊಕ್ಕೆಗಳು ಮೂಡುತ್ತವೆ, ಬಾಯಿಯ ಬಳಿಯ ಸ್ಪರ್ಶಾಂಗಗಳ ತುದಿ ಉಬ್ಬುತ್ತದೆ. ಅದು ಊಟ ಮರೆತು ಹೆಣ್ಣನ್ನು ಅರಸುತ್ತ ಅಲೆಯುತ್ತದೆ ಮತ್ತು ಕೆಲವು ತಿಂಗಳಲ್ಲಿ, ಹೆಚ್ಚೆಂದರೆ ಒಂದೆರಡು ವರ್ಷದಲ್ಲಿ ಸಾಯುತ್ತದೆ. ಕೊಳ್ಳುವವನು ವರ್ಷಗಳನ್ನು ಎಣಿಸುತ್ತಾನೆ, ಮರಿಗಳನ್ನು ಎಣಿಸುತ್ತಾನೆ, ಹೆಣ್ಣನ್ನು ಆರಿಸುತ್ತಾನೆ.

ಜೇಡವನ್ನೂ ಮಗುವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಹೆಣ್ಣೆಂಬ ಕಾರಣಕ್ಕೆ ಹುಟ್ಟದೆ ಹೋದ ಮಕ್ಕಳ ದುಃಖಕ್ಕೆ ಸಾಕುಜೇಡದ ಬೆಲೆಪಟ್ಟಿ ಹೋಲಿಕೆಯಾಗಲಾರದು. ಜ್ಞಾನ ಜ್ಞಾನವೇ, ಅದಕ್ಕೆ ಪಾಪಪುಣ್ಯ ಅಂಟಿಸಬೇಡಿ ಎಂದು ನನ್ನ ಅಕ್ಕನ ಮಗನೇ ವಾದಿಸುತ್ತಾನೆ. ಒಪ್ಪುತ್ತೇನೆ. ಗರ್ಭದೊಳಗನ್ನು ನೋಡುವ ಯಂತ್ರವೂ ಮಗುವಿನ ಆರೋಗ್ಯವನ್ನು ನೋಡಲು ಬಂದದ್ದೇ. ತಪ್ಪು ನೋಟದಲ್ಲಿರಲಿಲ್ಲ, ನೋಡುವ ಮೊದಲು ಮನಸ್ಸಿನಲ್ಲಿ ಸಿದ್ಧವಾಗಿದ್ದ ಪ್ರಶ್ನೆಯಲ್ಲಿತ್ತು. ಜೇಡದ ಪೊರೆಯ ಮುಂದೆ ಕುಳಿತಾಗಲೂ ನಾವು ಕೇಳಬಹುದಾದ ಪ್ರಶ್ನೆಗಳು ಎರಡು: ಇದಕ್ಕೆ ಎಷ್ಟು ಬರುತ್ತದೆ, ಅಥವಾ ಇದರ ಬದುಕು ಹೇಗೆ ಸಾಗುತ್ತದೆ. ಉತ್ತರ ಎರಡಕ್ಕೂ ಅದೇ ಪುಟ್ಟ ಚೀಲದಲ್ಲಿದೆ. ಕೇಳುವ ಪ್ರಶ್ನೆಯನ್ನು ಆರಿಸಿಕೊಳ್ಳುವುದು ನಮ್ಮ ಹೊಣೆ.

ಮೊದಲ ಪ್ರಶ್ನೆಯನ್ನಷ್ಟೇ ಕೇಳಿದರೆ ಏನಾಗುತ್ತದೆಂಬುದನ್ನು ನೋಡಲು ಮೆಕ್ಸಿಕೋಗೆ ಹೋಗಬೇಕಿಲ್ಲ. ಪುಣೆಯಿಂದ ಚೆನ್ನೈಗೆ ರೈಲಿನಲ್ಲಿ ಹೋಗುವ ನಮ್ಮವರಿಗೆ ರಾಯಚೂರು, ಗುಂತಕಲ್ಲು ದಾಟಿದ ಮೇಲೆ ಬರುವ ಗುತ್ತಿ ಗೊತ್ತು. 1899ರಲ್ಲಿ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಲೋಕಕ್ಕೆ ಪರಿಚಯಿಸಿದ ನೀಲಿ ಟ್ಯಾರಂಟುಲಾ ಸಿಕ್ಕಿದ್ದು ಈ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ. ಬಹುಶಃ ಸೌದೆಯ ಜೊತೆ ರೈಲಿನಲ್ಲಿ ಬಂದಿತ್ತು. ಅದರ ನಿಜವಾದ ನೆಲೆ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ವಿಜ್ಞಾನಿಗಳ ಕಣ್ಣಿಗೆ ಬೀಳಲಿಲ್ಲ. ಮತ್ತೆ ಕಂಡದ್ದು 2001ರಲ್ಲಿ. ಇಂದು ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ, ಹಾಗಿದ್ದೂ ಸಾಗರದಾಚೆಯ ಎಷ್ಟೋ ಮನೆಗಳ ಗಾಜಿನ ಪೆಟ್ಟಿಗೆಗಳಲ್ಲಿ ಅದರ ಸಂತತಿಯಿದೆ. ಅದೇ ಕುಲದ ಇನ್ನೊಂದು ಜೇಡಕ್ಕೆ ಇಂಗ್ಲಿಷಿನ ರೂಢಿಯ ಹೆಸರಿನಲ್ಲಿಯೇ ಮೈಸೂರು ಇದೆ. ಈ ಇಡೀ ಕುಲವನ್ನು ಸೈಟಿಸ್ ಪಟ್ಟಿಗೆ ಸೇರಿಸಿದ್ದು 2019ರಲ್ಲಷ್ಟೇ.

ಹಳೆಯ ಮರದ ಪೊಟರೆಯಲ್ಲಿ ವರ್ಷಗಟ್ಟಲೆ ಒಂದೇ ಕಡೆ ಬದುಕುವ ಹೆಣ್ಣನ್ನು ಹುಡುಕಿ ತೆಗೆಯುವುದು ಕಷ್ಟವಲ್ಲ. ಗಂಡು ಹೇಗೂ ಅಲೆದು ಸಾಯುವಂಥದು. ಅದೊಂದನ್ನು ತೆಗೆದರೆ ಕಾಡಿಗೆ ಆಗುವ ನಷ್ಟ ಸಣ್ಣದು. ನಿಧಾನವಾಗಿ ಬೆಳೆದು, ವರ್ಷಗಳ ಕಾಲ ಮೊಟ್ಟೆಯಿಡಬಲ್ಲ ಹೆಣ್ಣನ್ನು ತೆಗೆದರೆ ಹೋಗುವುದು ಮುಂದಿನ ಪೀಳಿಗೆಗಳು. ಮಾರುಕಟ್ಟೆ ಹೆಚ್ಚು ಬೆಲೆ ಕಟ್ಟುವುದು ಕಾಡು ಕಳೆದುಕೊಳ್ಳಬಾರದ ಜೀವಕ್ಕೇ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಸಾಕಲೇಬೇಕೆನ್ನುವವರು ಸಾಕಣೆಯಲ್ಲಿಯೇ ಹುಟ್ಟಿದ ಮರಿಯನ್ನು ಕಾಗದಪತ್ರದೊಂದಿಗೆ ತರಲಿ. ‘ಖಾತ್ರಿ ಹೆಣ್ಣು’ ಎಂದು ಮಾರುವ ಬೆಳೆದ ಜೇಡ ಎಲ್ಲಿಂದ ಬಂತೆಂದು ಕೇಳದೆ ಕೊಳ್ಳದಿರಲಿ. ಗಂಡೋ ಹೆಣ್ಣೋ ಎಂದು ತಿಳಿಯುವ ಆತುರದಲ್ಲಿ ಜೀವಂತ ಜೇಡವನ್ನು ಹಿಡಿದು ಹೊರಳಿಸದಿರಲಿ. ಎತ್ತರದಿಂದ ಬಿದ್ದರೆ ಅದರ ಹೊಟ್ಟೆ ಒಡೆಯುತ್ತದೆ. ಅದು ತಾನಾಗಿ ಬಿಟ್ಟುಕೊಡುವ ಪೊರೆಯಲ್ಲಿ ಉತ್ತರವಿದೆ, ಕಾಯುವ ತಾಳ್ಮೆಯೊಂದೇ ನಾವು ಕೊಡಬೇಕಾದ ಬೆಲೆ. ಉತ್ತರ ಗಂಡೆಂದು ಬಂದರೆ, ಅಗ್ಗದ ಸರಕೆಂದು ದಾಟಿಸಿಬಿಡುವ ಬದಲು, ಅದರ ಚಿಕ್ಕ ಬದುಕಿಗೆ ಬೇಕಾದ ನೀರು, ನೆರಳು, ನಿಶ್ಶಬ್ದಗಳನ್ನು ಕೊನೆಯವರೆಗೆ ಕೊಡಲಿ.

ನಮ್ಮ ಹುಡುಗ ಎರಡು ದಿನ ಯೋಚಿಸಿದ. ಬದಲಿಗೆ ಹೆಣ್ಣು ಕೊಡಿಸುವೆನೆಂದು ಒಬ್ಬ ವ್ಯಾಪಾರಿ ಹೇಳಿಕಳಿಸಿದ್ದನಂತೆ. ಎಲ್ಲಿ ಹುಟ್ಟಿದ್ದೆಂದು ಇವನು ಕೇಳಿದ ಮೇಲೆ ಅವನಿಂದ ಮರುಮಾತು ಬರಲಿಲ್ಲ. ಪೊರೆಯನ್ನು ಒಣಗಿಸಿ, ಕಾಲುಗಳನ್ನು ಸರಿಪಡಿಸಿ, ರಟ್ಟಿನ ಡಬ್ಬಿಯೊಂದರಲ್ಲಿ ಇಟ್ಟಿದ್ದಾನೆ. ಮೇಲಿನ ಚೀಟಿಯಲ್ಲಿ ತಾರೀಖು, ಜಾತಿ, ‘ಗಂಡು’ ಎಂಬ ಮೂರು ವಿವರ. ಜೇಡದ ಹೆಸರನ್ನು ಇನ್ನು ಬದಲಿಸಬೇಕೇನೋ ಎಂದು ಅಜ್ಜಿಯನ್ನು ಕೇಳಿದ.

“ಯಾಕ ಬದಲಿ ಮಾಡ್ತಿ?” ಎಂದರು ನಮ್ಮ ತಾಯಿ. “ರಾಣಿ ಅಂದ್ರೂ ಬರೂದಿಲ್ಲ, ರಾಜಾ ಅಂದ್ರೂ ಬರೂದಿಲ್ಲ. ನೀರ ಇಟ್ಟೀಯಿಲ್ಲೋ ನೋಡ ಮೊದಲ.”