ಬೆರಳು ಆಡಿದರೆ ಮೂಳೆ ಮುರಿದಿಲ್ಲ ಅಂತಲೇ?

ಮಳೆಗಾಲದಲ್ಲಿ ಖಾನಾಪುರದ ಕಣಕುಂಬಿ ಕಡೆ ಹೋದಾಗ ಪಾಚಿ ಕಟ್ಟಿದ ಬಂಡೆ ಮೇಲೆ ಜಾರಿ ಕಾಲು ಹೊರಳಿತು ಅನ್ನಿ. ‘ಬೆರಳು ಆಡುತ್ತಿದೆಯಲ್ಲ, ಬರೀ ಉಳುಕು, ಎಣ್ಣೆ ಹಚ್ಚಿ ತಿಕ್ಕಿ’ ಎಂಬ ಮಾತನ್ನು ನಾವೂ ಕೇಳಿ ಬೆಳೆದವರೇ. ಅದು ತಪ್ಪು. ಬೆರಳನ್ನು ಆಡಿಸುವ ಮುಖ್ಯ ಸ್ನಾಯುಗಳಿರುವುದು ಮೊಣಕಾಲಿನ ಕೆಳಗೆ. ಪಾದದ ಕೀಲಿನ ಮೂಳೆ ಮುರಿದರೂ ಅವು ಕೆಲಸ ಮಾಡುತ್ತವೆ.

ಹಿಮದ ಮೇಲೆ ಜಾರುವ ಸ್ನೋಬೋರ್ಡ್ ಆಟಗಾರರಿಗೆ ಕೀಲಿನೊಳಗಿನ ಟೇಲಸ್ ಮೂಳೆಯ ಹೊರಅಂಚು ಮುರಿಯುವುದುಂಟು. ನೋಡಲು ಥೇಟ್ ಉಳುಕು. ಎಕ್ಸ್‌ರೇಯಲ್ಲೂ ಕಾಣದೆ ಸಿ.ಟಿ. ಸ್ಕ್ಯಾನ್‌ನಲ್ಲಿ ಸಿಗಬಹುದು, ಹಾಗೇ ಬಿಟ್ಟರೆ ಕೀಲು ಸವೆದು ನೋವು ಖಾಯಂ ಆಗಬಹುದು.

ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮ ಸರಳ: ಬಿದ್ದಾಗಲೂ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಕೀಲಿನ ಅಕ್ಕಪಕ್ಕ ಉಬ್ಬಿರುವ ಮೂಳೆಯ ಹಿಂಬದಿ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಅಲ್ಲಿಯವರೆಗೆ ತಿಕ್ಕಬೇಡಿ. ಕಾಲೂರದೆ, ಅಲುಗದಂತೆ ಕಟ್ಟಿಕೊಂಡು ಬೆಳಗಾವಿಯ ದಾರಿ ಹಿಡಿಯಿರಿ.